ಒದ್ದೆ ಕಾಲಿನವರಿಗೆ ಪ್ರವೇಶವಿಲ್ಲ

ಬೆಳಗಿನಿಂದ ಅವಳಿಗೆ ಉಚ್ಚೆ ಬರುತ್ತಿತ್ತು.

ಬೇರೆ ದಿನ ಹೀಗಾಗುತ್ತಿರಲಿಲ್ಲ. ನೀರಿಗೆ ಇಳಿದವರ ಹಗ್ಗ ಹಿಡಿಯುವ ಹೆಂಗಸರು ಕೆಲಸದ ಹಿಂದಿನ ಸಂಜೆಯಿಂದಲೇ ನೀರು ಬಿಡುತ್ತಾರೆ. ನಾಲಿಗೆ ಒಣಗಿದರೆ ಒದ್ದೆ ಬಟ್ಟೆಯ ಚುಂಗಿನಿಂದ ತುಟಿ ಒರೆಸಿಕೊಳ್ಳುತ್ತಾರೆ, ಅಷ್ಟೇ. ಕಣ್ಣೆದುರಿಗೆ ಆಚೆ ದಡ ಕಾಣದಷ್ಟು ನೀರು, ಗಂಟಲಿಗೆ ಒಂದು ಗುಟುಕಿಲ್ಲ. ವರ್ಷಗಟ್ಟಲೆ ಹೀಗೇ ಮಾಡಿ ಮಾಡಿ ಅವಳಿಗೆ ಉರಿಮೂತ್ರ ಅಂಟಿಕೊಂಡಿತ್ತು. ಆಸ್ಪತ್ರೆಯ ನರ್ಸು ಬೈದಿದ್ದಳು, "ನೀರು ಕುಡೀರಿ ಅಮ್ಮ, ಇಲ್ಲಾಂದ್ರೆ ಕಿಡ್ನಿ ಕೈಕೊಡುತ್ತೆ" ಎಂದು. ಜೊತೆಗೆ ಹೋಗಿದ್ದ ಸೊಸೆ ಅದನ್ನು ಕೇಳಿಸಿಕೊಂಡಿದ್ದಳು. ಇವತ್ತು ಬೆಳಿಗ್ಗೆ ಚೊಂಬು ಹಿಡಿದು ಎದುರಿಗೆ ನಿಂತಳು.

"ಕುಡೀರಿ ಅತ್ತೆ."

"ಬೇಡ ಕಣೇ. ಇವತ್ತು ನಿನ್ನ ಇಳಿಸೋದಿದೆ."

"ಇಳಿಯೋಳು ನಾನು. ನೀವು ಮೇಲೆ ನಿಂತ್ಕೊಳೋರು. ಕುಡೀರಿ."

"ನಿಂತ್ಕೊಳೋದು ಅಂದ್ರೆ ಏನು ಅಂತ ನಿನಗೇನು ಗೊತ್ತು?"

"ನೀವು ಹಾಸಿಗೆ ಹಿಡಿದ್ರೆ ನನ್ನ ಹಗ್ಗ ಯಾರು ಹಿಡೀತಾರೆ, ನಿಮ್ಮ ಮಗನಾ? ನಿಮಗೋಸ್ಕರ ಬೇಡ, ನನಗೋಸ್ಕರ ಕುಡೀರಿ. ಚೊಂಬಿನ ತಳ ಕಾಣಬೇಕು."

ಕುಡಿದಳು. ಸೊಸೆ ಬಗ್ಗಿ ತಳ ನೋಡಿಯೇ ಚೊಂಬು ತೆಗೆದುಕೊಂಡಳು.

ಒಳಗಿನಿಂದ ಮಗ ನಕ್ಕ ಸದ್ದು ಬಂತು. ಈಚೆಗೆ ಅವನು ನಗುವುದೇ ಅಪರೂಪ.

ಅವಳನ್ನು ಕಾರ್ಖಾನೆಯಲ್ಲಿ ಹಗ್ಗದಮ್ಮ ಎನ್ನುತ್ತಿದ್ದರು. ಆ ಕಾರ್ಖಾನೆಗೆ ಎರಡು ಬಾಗಿಲು. ದೊಡ್ಡ ಗೇಟು ನೌಕರರಿಗೆ. ಹಿಂದಿನ ಸಣ್ಣ ಬಾಗಿಲು ಕಸದ ಗಾಡಿಗೆ, ಮತ್ತೆ ನೀರಿನವರಿಗೆ. ನೀರಿನವರು ಎಂದರೆ ಇವರು, ಮುಳುಗುವವರು. ಕಾರ್ಖಾನೆಯ ಯಂತ್ರಗಳು ಹಗಲೂ ರಾತ್ರಿ ಕಾಯುತ್ತವೆ. ಅವನ್ನು ತಣಿಸಲು ಜಲಾಶಯದ ನೀರು ಬೇಕು. ದಡದಿಂದ ನೀರೊಳಕ್ಕೆ ಕೈ ಚಾಚಿದ ಹಾಗೆ ಕಂಬಗಳ ಮೇಲೆ ಹಲಗೆ ಹಾಸಿದ ಒಂದು ಉದ್ದನೆಯ ಕಟ್ಟೆ. ಅದರ ತುದಿಯಲ್ಲಿ ಆ ಕಡೆಗೊಂದು ಈ ಕಡೆಗೊಂದು ಎರಡು ಪಂಪು. ಪ್ರತಿ ಪಂಪಿನ ಬಾಯಿಗೆ ನೀರಿನ ಮೇಲ್ಮಟ್ಟದಿಂದ ತಳದ ಕೆಸರಿನವರೆಗೆ ಕಬ್ಬಿಣದ ಕಂಬಿಗಳ ಜಾಲರಿ. ನಾಲ್ಕಂತಸ್ತಿನ ಮನೆಯ ಎತ್ತರ. ಅದಕ್ಕೆ ಜೊಂಡು ಸಿಕ್ಕಿಕೊಳ್ಳುತ್ತದೆ. ಹರಿದ ಬಲೆ, ಗೋಣಿಚೀಲ, ಪ್ಲಾಸ್ಟಿಕ್ಕು, ಸತ್ತ ನಾಯಿ ಸಿಕ್ಕಿಕೊಳ್ಳುತ್ತವೆ. ಕಂಬಿ ಕಂಬಿಗೂ ಚಿಪ್ಪಿನ ಹುಳ ಕಚ್ಚಿಕೊಂಡು ಬೆಳೆಯುತ್ತದೆ. ಜಾಲರಿ ಕಟ್ಟಿಕೊಂಡರೆ ಪಂಪು ಕೆಮ್ಮುತ್ತದೆ. ಪಂಪು ಕೆಮ್ಮಿದರೆ ನೀರಿನವರಿಗೆ ಕರೆ ಬರುತ್ತದೆ. ಒಬ್ಬರು ಇಳಿಯಬೇಕು. ಕತ್ತಲೆಯಲ್ಲಿ ಕಂಬಿ ತಡವರಿಸುತ್ತಾ ಕೊಯ್ಯಬೇಕು, ಕೆರೆಯಬೇಕು, ಬಾಚಬೇಕು.

ಮೊದಲು ಮಗ ಇಳಿಯುತ್ತಿದ್ದ. ಹೆಂಡತಿಗೆ ಕೆಲಸ ಕಲಿಸಿದವನೂ ಅವನೇ. ಜಾಲರಿ ತೊಳೆಯುವಾಗ ಅದರ ಪಂಪು ನಿಲ್ಲಿಸಿರಬೇಕು ಎಂಬುದು ನಿಯಮ. ಓಡುತ್ತಿರುವ ಪಂಪಿನ ಬಾಯಿಗೆ ಸಿಕ್ಕಿದ ಮನುಷ್ಯ ಗೋಡೆಗೆ ಬಡಿದ ಬೆರಣಿಯ ಹಾಗೆ ಕಂಬಿಗೆ ಅಂಟಿಕೊಳ್ಳುತ್ತಾನೆ. ಮೇಲಿನಿಂದ ಹತ್ತು ಜನ ಎಳೆದರೂ ಬರುವುದಿಲ್ಲ. ಒಂದು ದಿನ ಮಗ ತಳದಲ್ಲಿರುವಾಗ ಮೇಲೆ ಸ್ವಿಚ್ಚುಗಳ ರೂಮಿನಲ್ಲಿ ಯಾರೋ ಪಂಪಿನ ಗುಂಡಿ ಒತ್ತಿದರು. ತಕ್ಷಣ ಗೊತ್ತಾಗಿ ನಿಲ್ಲಿಸಿದರು. ಅಷ್ಟರೊಳಗೆ ಮಗನ ಒಂದು ಕೈಯನ್ನು ಕಂಬಿ ಎಳೆದುಕೊಂಡಿತ್ತು. ಅವನು ಕೈ ಕಿತ್ತುಕೊಂಡು, ದಿಕ್ಕು ತಪ್ಪಿ, ಒಂದೇ ಉಸಿರಿಗೆ ಮೇಲೆದ್ದು ಬಂದ.

ಆಳದಿಂದ ಹಾಗೆ ಬರಬಾರದು. ತನ್ನ ಬಾಯಿಂದ ಹೊರಟ ಸಣ್ಣ ಗುಳ್ಳೆಗಿಂತ ಮುಂದೆ ಓಡಬಾರದು. ಇಳಿಬಿಟ್ಟ ದಪ್ಪ ಹಗ್ಗದಲ್ಲಿ ಒಂದು ಗಂಟು ಇರುತ್ತದೆ. ನಿಲ್ಲುವ ಗಂಟು ಎನ್ನುತ್ತಾರೆ. ಅದನ್ನು ಹಿಡಿದು ನೇತಾಡಿಕೊಂಡು, ಮೈಯೊಳಗೆ ಇಂಗಿದ ಗಾಳಿ ಮೆಲ್ಲಗೆ ಬಿಟ್ಟು ಹೋಗುವವರೆಗೆ ಕಾಯಬೇಕು. ಕಾಯದಿದ್ದರೆ ಅದು ರಕ್ತದಲ್ಲಿ ನೊರೆಯಾಗುತ್ತದೆ. ಮಗ ಕಾಯಲಿಲ್ಲ. ಕಟ್ಟೆ ಹತ್ತಿದ, ಅಮ್ಮಾ ಎಂದ, ಸೊಂಟದಿಂದ ಕೆಳಗೆ ಕುಸಿದ. ಕಾಲು ಹೋಯಿತು. ಕಾಲಿನ ಜೊತೆಗೆ ಉಚ್ಚೆಯ ಮೇಲಿನ ಹಿಡಿತವೂ ಹೋಯಿತು. ಈಗ ಬಟ್ಟೆ ಬದಲಾಯಿಸುವಾಗಲೆಲ್ಲ ಮುಖದ ಮೇಲೆ ಟವಲು ಎಳೆದುಕೊಳ್ಳುತ್ತಾನೆ. ಕಾರ್ಖಾನೆಯವರು ಬಂದು ನೋಡಿದರು. "ಗಂಟಿನಲ್ಲಿ ನಿಲ್ಲದೆ ಅವನೇ ಬಂದ. ನಿಯಮ ಮುರಿದವನು ಅವನು" ಎಂದರು. ಹೋದರು.

ಮನೆಯಲ್ಲಿ ಒಲೆ ಉರಿಯಬೇಕಲ್ಲ. ಸೊಸೆ ಗಂಡನ ರಬ್ಬರ್ ಅಂಗಿಯನ್ನು ಬಗಲಲ್ಲಿ ಕತ್ತರಿಸಿ ಹೊಲಿದು ತನ್ನ ಮೈಗೆ ಮಾಡಿಕೊಂಡಳು. ಆಗ ಹಗ್ಗದಮ್ಮ ಒಂದೇ ಮಾತು ಹೇಳಿದ್ದಳು. ಪಂಪಿನ ಕೀಲಿ ನನ್ನ ಕತ್ತಿನಲ್ಲಿರಬೇಕು. ಇವಳು ಇಳಿಯುವ ಮುಂಚೆ ಪಂಪು ನಿಲ್ಲಿಸಿ, ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿ, ಕೀಲಿ ತಂದು ನನಗೆ ಕೊಡಬೇಕು. ಇವಳ ಕಾಲು ಕಟ್ಟೆ ಮುಟ್ಟಿದ ಮೇಲೆ ವಾಪಸು ಕೊಡುತ್ತೇನೆ. ಆ ಹೊತ್ತಿಗೆ ಹೆದರಿ ಬೇರೆ ಮುಳುಗುವವರು ಯಾರೂ ಆ ಜಾಲರಿಗೆ ಇಳಿಯಲು ಒಪ್ಪದೆ ಇದ್ದುದರಿಂದ ಕಾರ್ಖಾನೆ ಒಪ್ಪಿತು. ಅಂದಿನಿಂದ ಅವಳ ಕೊರಳಲ್ಲಿ, ಸೆರಗಿನ ಒಳಗೆ, ದಾರದಲ್ಲಿ ಒಂದು ಹಿತ್ತಾಳೆ ಕೀಲಿ. ಕೆಲಸದ ದಿನ ಮಾತ್ರ.

ಇವತ್ತು ಸೊಸೆ ಅಂಗಿ ಏರಿಸಿಕೊಳ್ಳುತ್ತಿದ್ದಾಗ ಹಗ್ಗದಮ್ಮ ಕಟ್ಟೆಯ ಬುಡದಲ್ಲಿದ್ದ ಕಟ್ಟಡಕ್ಕೆ ಹೋದಳು. ಕೆಳಗೆ ಸ್ಟೋರು, ಮೇಲೆ ಸ್ವಿಚ್ಚುಗಳ ರೂಮು. ಮೆಟ್ಟಿಲ ಪಕ್ಕಕ್ಕೆ ಬಿಳಿ ಟೈಲ್ಸು ಹಾಕಿದ ಪಾಯಿಖಾನೆ. ಗಂಡಸರು ಕಟ್ಟೆಯ ಮರೆಯಲ್ಲಿ ನಿಂತು ಕೆಲಸ ಮುಗಿಸುತ್ತಾರೆ. ಹೆಂಗಸರಿಗೆ ಬೇಲಿ ದಾಟಿ, ಮುಳ್ಳಿನ ಪೊದೆ. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಇಲ್ಲಿ ಕೂಗಾಡುತ್ತಾರೆ. ಮೆಟ್ಟಿಲ ಬಳಿ ಗಾರ್ಡು ಕೂತಿದ್ದ.

"ಒಂದ್ಸಲ ಹೋಗಿ ಬರ್ತೀನಪ್ಪ. ತಡೆಯೋಕಾಗ್ತಿಲ್ಲ."

ಗಾರ್ಡು ಗೋಡೆಯ ಕಡೆ ಕೈ ತೋರಿಸಿದ. "ಬೋರ್ಡು ಓದೋಕೆ ಬರಲ್ವಾ? ಒದ್ದೆ ಕಾಲಿನವರಿಗೆ ಪ್ರವೇಶವಿಲ್ಲ."

ಹಗ್ಗದಮ್ಮ ಸೀರೆಯನ್ನು ಗೇಣುದ್ದ ಎತ್ತಿ ಪಾದ ತೋರಿಸಿದಳು. ಬಿರುಕು ಬಿಟ್ಟ ಹಿಮ್ಮಡಿ, ಧೂಳು. "ನೋಡಪ್ಪ, ಒಣಗೇ ಇದೆ. ನಾನು ನೀರಿಗೆ ಇಳಿಯೋಳಲ್ಲ, ಹಗ್ಗ ಹಿಡಿಯೋಳು."

ಗಾರ್ಡು ಪಾದವನ್ನು ನೋಡಿದ, ಅವಳನ್ನು ನೋಡಿದ. "ಅದು ಕಾಲಿನ ಮಾತಲ್ಲಮ್ಮ" ಎಂದ.

ಅವಳು ಸೀರೆ ಇಳಿಸಿದಳು.

ಅಷ್ಟರಲ್ಲಿ ಸೂಪರ್‌ವೈಸರ್ ಮೇಲಿನಿಂದ ಇಳಿದು ಬಂದ. ಹೊಸಬ. ಹಳಬ ಹೋಗಿ ಇವನು ಬಂದು ಇನ್ನೂ ತಿಂಗಳಾಗಿರಲಿಲ್ಲ. ಕೀಲಿಯನ್ನು ಎರಡು ಬೆರಳಲ್ಲಿ ದಾರ ಹಿಡಿದು ನೇತಾಡಿಸಿ ಅವಳ ಕೈಗೆ ಹಾಕಿದ. "ಏನಮ್ಮ ಇದು, ದೇವಸ್ಥಾನದ ಪ್ರಸಾದದ ಥರ ದಿನಾ ಕೊಟ್ಟು ತಗೊಳೋದು. ಬೇಗ ಬೇಗ ಮುಗಿಸಿ. ಇರೋದೊಂದು ಪಂಪಿನ ಮೇಲೆ ಇಡೀ ಕಾರ್ಖಾನೆ ನಿಂತಿದೆ."

"ಸ್ವಾಮಿ, ಒಂದ್ಸಲ ಆ ಒಳಗೆ..."

"ಈಗ ಪಂಪು ನಿಲ್ಲಿಸಿಯಾಗಿದೆ ತಾಯಿ! ನಿನ್ನ ಪುರಾಣ ಆಮೇಲೆ. ಇಳಿಸು ಅವಳನ್ನ."

ಕಟ್ಟೆಯ ತುದಿಯಲ್ಲಿ ಗಾಳಿಯಣ್ಣ ಕಂಪ್ರೆಸರ್ ಶುರು ಮಾಡಿದ್ದ. ಅರ್ಧ ಕಿವುಡ. ಮುಳುಗಿದವರಿಗೆ ಪೈಪಿನಲ್ಲಿ ಗಾಳಿ ಕಳಿಸುವುದು ಅವನ ಕೆಲಸ. ಬೀಡಿ ಸೇದುವವನು, ಆದರೆ ಕಂಪ್ರೆಸರ್ ಓಡುವಾಗ ಬೀಡಿ ಕಿವಿಯ ಮೇಲೆಯೇ. ಹೊಗೆ ಪೈಪಿಗೆ ಹೋದರೆ ಕೆಳಗಿನವರ ಎದೆಗೆ ಹೋಗುತ್ತದೆ. ಅವನು ಗಾಳಿ ಬೀಸುವ ದಿಕ್ಕು ನೋಡಿ ಯಂತ್ರವನ್ನು ತಿರುಗಿಸಿ ಇಟ್ಟಿದ್ದ.

ಹಗ್ಗದಮ್ಮ ಸೊಸೆಯ ಸುತ್ತ ಒಂದು ಸುತ್ತು ಬಂದಳು. ಎಲ್ಲವನ್ನೂ ಕೈಯಿಂದಲೇ ನೋಡಿದಳು. ಸೊಂಟದ ಸೀಸದ ಪಟ್ಟಿ ಒಂದೇ ಕೈಗೆ ಬಿಚ್ಚುತ್ತದೆಯೇ, ಬಿಚ್ಚಿ ನೋಡಿ ಮತ್ತೆ ಹಾಕಿದಳು. ಚಾಕು ತೊಡೆಗಿದೆ. ಪೈಪು ಕೈಕೊಟ್ಟರೆ ಎಂದು ಬೆನ್ನಿಗೆ ಕಟ್ಟಿದ ಸಣ್ಣ ಗಾಳಿಯ ಬಾಟ್ಲು, ಅದರ ತಿರುಪು ತೆರೆದಿದೆ. ಮುಖವಾಡದ ಒಳಗೆ ಕೂದಲು ಸಿಕ್ಕಿಲ್ಲ. ಎದೆಯ ಪಟ್ಟಿಗೆ ಹಗ್ಗ ಕಟ್ಟಿ ಎಳೆದು ನೋಡಿದಳು.

"ಬಿಗಿಯಾಯ್ತಾ?"

"ಉಸಿರಾಡೋಕೆ ಬಿಡಿ ಅತ್ತೆ."

ಗಾಳಿಯಣ್ಣ ಕಿಸಕ್ಕೆಂದ. "ಲೋಕದಲ್ಲಿ ಅತ್ತೇರೆಲ್ಲ ಇದಕ್ಕೇ ತಪಸ್ಸು ಮಾಡ್ತಾರೆ. ಸೊಸೆ ಎದೆಗೆ ಹಗ್ಗ, ಹಗ್ಗದ ತುದಿ ತನ್ನ ಕೈಲಿ, ಸೊಸೆ ನೀರಿನ ತಳದಲ್ಲಿ."

"ಬಾಯಿಗೆ ಬೀಡಿ ಇಲ್ಲದಿದ್ರೆ ನಿನಗೆ ಇದೇ ಮಾತು" ಎಂದಳು ಹಗ್ಗದಮ್ಮ.

"ಬಿಟ್ಟುಬಿಡ್ತಾರೆ ಅಂತ ಹೆದರಿಕೆ ಇಲ್ಲಣ್ಣ" ಎಂದಳು ಸೊಸೆ. "ನಾನು ಹೋದ್ರೆ ಮಗನ ಬಟ್ಟೆ ಒಗೆಯೋಳು ಯಾರು? ಲೆಕ್ಕ ಗೊತ್ತಿದೆ ಅವರಿಗೆ."

ನಕ್ಕರು. ಸೊಸೆ ಮುಖವಾಡ ಎಳೆದುಕೊಂಡು, ಏಣಿ ಹಿಡಿದು, ಬೆನ್ನು ಹಾಕಿ ಇಳಿದಳು. ತಲೆ ಮುಳುಗುವ ಮುಂಚೆ ಹೆಬ್ಬೆರಳು ತೋರುಬೆರಳು ಸೇರಿಸಿ ತೋರಿಸಿದಳು. ಹಗ್ಗದಮ್ಮನೂ ತೋರಿಸಿದಳು. ಆಮೇಲೆ ಗುಳ್ಳೆಗಳು ಮಾತ್ರ.

ಹಗ್ಗ ಹಿಡಿಯುವುದು ಎಂದರೆ ಸುಮ್ಮನೆ ಹಿಡಿಯುವುದಲ್ಲ. ಕೈಗೆ ಸುತ್ತಿಕೊಳ್ಳುವಂತಿಲ್ಲ. ಕಂಬಿಗೆ ಕಟ್ಟುವಂತಿಲ್ಲ. ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಕೂತರೆ ಮೊಣಕಾಲಿಗೆ ತಾಗಿ ಸುದ್ದಿ ಕೆಡುತ್ತದೆ. ನಿಂತೇ ಇರಬೇಕು. ಬೆರಳ ತುದಿಗೆ ಕಿವಿ ಬಂದ ಹಾಗೆ ಹಿಡಿದಿರಬೇಕು. ಸಡಿಲ ಬಿಟ್ಟರೆ ಹಗ್ಗ ಕಂಬಿಗೆ ಸುತ್ತಿಕೊಳ್ಳುತ್ತದೆ, ಬಿಗಿ ಹಿಡಿದರೆ ಕೆಳಗಿನವಳ ಕೈ ನಡೆಯುವುದಿಲ್ಲ. ಮೇಲಿನಿಂದ ಒಂದು ಎಳೆತ, ಹೇಗಿದ್ದೀಯೆ? ಕೆಳಗಿನಿಂದ ಒಂದು ಎಳೆತ, ಚೆನ್ನಾಗಿದ್ದೀನಿ. ಇದನ್ನು ಮತ್ತೆ ಮತ್ತೆ ಕೇಳುತ್ತಿರಬೇಕು. ಉತ್ತರ ಬರುವುದು ತುಸು ತಡವಾದರೆ ಎದೆ ಬಾಯಿಗೆ ಬರುತ್ತದೆ.

ಇವತ್ತು ಜಾಲರಿಗೆ ಒಂದು ಇಡೀ ಮೀನು ಬಲೆ ಸುತ್ತಿಕೊಂಡಿತ್ತು. ಸೊಸೆ ಅದನ್ನು ತುಂಡು ತುಂಡಾಗಿ ಕೊಯ್ದು ಮೇಲೆ ಬಿಡುತ್ತಿದ್ದಳು. ತುಂಡುಗಳು ತೇಲಿ ಬರುತ್ತಿದ್ದವು. ಬಿಸಿಲು ಏರಿತು. ಹಗ್ಗದಮ್ಮನ ಕಿಬ್ಬೊಟ್ಟೆ ಕಲ್ಲಾಯಿತು. ಮೊದಲು ಉರಿ, ಆಮೇಲೆ ಚುಚ್ಚು, ಆಮೇಲೆ ಬೆನ್ನಿನವರೆಗೆ ಹಬ್ಬಿದ ನೋವು. ಒಂದು ಕಾಲಿನ ಮೇಲೆ ಭಾರ ಹಾಕಿದಳು. ಇನ್ನೊಂದಕ್ಕೆ ಹಾಕಿದಳು. ತೊಡೆಗೆ ತೊಡೆ ಒತ್ತಿದಳು. ಹಲ್ಲು ಕಚ್ಚಿದಳು. ನೀರು ಕಟ್ಟೆಗೆ ಬಡಿಯುವ ಚಳಪಳ ಸದ್ದು ಕೇಳಿದರೆ ಸಾಕು, ಪ್ರಾಣ ಹೋದಂತಾಗುತ್ತಿತ್ತು. ಮನಸ್ಸಿನಲ್ಲಿ ಸೊಸೆಯ ಚೊಂಬಿಗೆ ಶಾಪ ಹಾಕಿದಳು. ಬೆರಳು ಮಾತ್ರ ಹಗ್ಗದ ಮೇಲೆ ಇತ್ತು. ಹೇಗಿದ್ದೀಯೆ? ಚೆನ್ನಾಗಿದ್ದೀನಿ.

ಇದ್ದಕ್ಕಿದ್ದಂತೆ ಪಾದಕ್ಕೆ ಏನೋ ತಿಳಿಯಿತು. ಆ ಕಡೆಯ ಪಂಪಿನ ನಡುಕ ಕಟ್ಟೆಯ ಹಲಗೆಯಲ್ಲಿ ಯಾವಾಗಲೂ ಇರುತ್ತದೆ. ಅದು ನಿಂತಿತು. ಕಂಪ್ರೆಸರಿನ ಸದ್ದೊಂದು ಬಿಟ್ಟು ಜಲಾಶಯವೆಲ್ಲ ಒಮ್ಮೆಗೇ ಮೌನವಾಯಿತು. ಕಾರ್ಖಾನೆಯ ಕಡೆ ಸೈರನ್ ಕೂಗಿಕೊಂಡಿತು.

ಸೂಪರ್‌ವೈಸರ್ ಓಡಿ ಬಂದ. ಕಿವಿಗೆ ಫೋನು. ಹಿಂದೆ ಗಾರ್ಡು.

"ಆ ಪಂಪು ಸುಟ್ಟುಹೋಯ್ತು. ಕೀಲಿ ಕೊಡಮ್ಮ, ಇದನ್ನ ಶುರು ಮಾಡಬೇಕು."

"ಸೊಸೆ ಕೆಳಗಿದಾಳೆ ಸ್ವಾಮಿ."

"ಗೊತ್ತಮ್ಮ. ಎಳೆದು ಹಾಕು ಮೇಲಕ್ಕೆ."

ಹಗ್ಗದಮ್ಮ ಮೂರು ಸಲ ಉದ್ದಕ್ಕೆ ಎಳೆದಳು. ಕೆಲಸ ಬಿಟ್ಟು ಬಾ. ಕೆಳಗಿನಿಂದ ಮೂರು ಎಳೆತ ಬಂತು. ಬರ್ತಿದ್ದೀನಿ. ಹಗ್ಗ ಮೆಲ್ಲಗೆ ಸಡಿಲವಾಗತೊಡಗಿತು. ಅವಳು ಅಷ್ಟಷ್ಟನ್ನೇ ಒಳಗೆಳೆದುಕೊಂಡು ಪಾದದ ಬಳಿ ಸುರುಳಿ ಮಾಡಿದಳು. ಸ್ವಲ್ಪ ಹೊತ್ತಿಗೆ ಸಡಿಲವಾಗುವುದು ನಿಂತಿತು. ಒಂದು ಉದ್ದನೆಯ ಎಳೆತ ಬಂತು.

"ಗಂಟಿಗೆ ಬಂದಳು" ಎಂದಳು. "ಇನ್ನು ಅಲ್ಲಿ ನಿಲ್ತಾಳೆ. ನಿಂತು ಬರ್ತಾಳೆ."

"ನಿಲ್ಲೋದೇನು? ಇಲ್ಲೇ ಕಾಣ್ತಾ ಇದೆಯಲ್ಲ ಗುಳ್ಳೆ! ಎಳಿ!"

"ಎಳೆದ್ರೆ ಕಾಲು ಹೋಗುತ್ತೆ."

"ಎಲ್ಲರಿಗೂ ಹಂಗೇ ಆಗುತ್ತಾ?"

"ನಮ್ಮ ಮನೇಲಿ ಆಗಿದೆ ಸ್ವಾಮಿ."

ಅವನು ಫೋನಿನಲ್ಲಿ "ಒಂದು ನಿಮಿಷ ಸಾರ್, ಒಂದೇ ನಿಮಿಷ" ಎಂದ. ಆ ಕಡೆಯಿಂದ ಬೈಗುಳ ಕೇಳಿಸುತ್ತಿತ್ತು. ಅವನ ಮುಖ ಬಿಳಿಚಿತು. "ಸರಿ, ಎಳೀಬೇಡ. ಅವಳು ಅಲ್ಲೇ ನೇತಾಡಲಿ. ಮೇಲೆ ಇದಾಳಲ್ಲ, ತಳದಲ್ಲಿಲ್ಲವಲ್ಲ. ಪಂಪು ಮೆಲ್ಲಗೆ ಶುರು ಮಾಡಿಸ್ತೀನಿ. ಕೀಲಿ ಕೊಡು."

"ಜಾಲರಿ ಮೇಲೂ ಇದೆಯಲ್ಲ ಸ್ವಾಮಿ. ಅವಳ ಬೆನ್ನಿಗೇ ಇದೆ. ಮೆಲ್ಲಗೆ ಎಳೆದ್ರೂ ಪಂಪು ಎಳೆಯುತ್ತೆ."

"ನನಗೆ ಪಾಠ ಹೇಳ್ತೀಯಾ? ನಾಳೆಯಿಂದ ಈ ಕಡೆ ತಲೆ ಹಾಕಬೇಡ. ನಿನಗೂ ಇಲ್ಲ, ಅವಳಿಗೂ ಇಲ್ಲ. ಈ ದಡದಲ್ಲಿ ಯಾವ ಕಾರ್ಖಾನೇಲೂ ಸಿಗದ ಹಾಗೆ ಮಾಡ್ತೀನಿ. ಕೊಡು."

ಹಗ್ಗಕ್ಕೆ ತಪ್ಪು ಸುದ್ದಿ ಇಳಿಯಬಾರದೆಂದು ಅವಳು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡಳು. ಮನೆಯಲ್ಲಿ ಇನ್ನು ಒಂದು ವಾರದ ಅಕ್ಕಿ ಇತ್ತೋ ಇಲ್ಲವೋ. ಮಗನ ಬೆನ್ನಿನ ಹುಣ್ಣಿಗೆ ಮುಲಾಮು ತರಬೇಕಿತ್ತು. ಬಾಡಿಗೆ ಕೇಳಿ ಮನೆಯೊಡತಿ ಬಾಗಿಲಲ್ಲಿ ನಿಂತು ಹೋಗಿದ್ದಳು. ಎಲ್ಲ ಒಂದೇ ಸಲ ತಲೆಗೆ ಬಂತು. ಕೊಟ್ಟರೆ ಏನಾಗುತ್ತದೆ, ಒಂದು ಪಕ್ಷ ಏನೂ ಆಗದಿದ್ದರೆ, ಎಂದು ಮನಸ್ಸು ಕೇಳಿತು. ಹಾಗೆ ಕೇಳಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಕೊಡಲ್ಲ."

ಅವನು ಗಾಳಿಯಣ್ಣನ ಕಡೆ ತಿರುಗಿದ. "ನಿಲ್ಲಿಸಯ್ಯ ಆ ಡಬ್ಬನ! ಗಾಳಿ ನಿಂತ್ರೆ ತಾನಾಗೇ ಮೇಲೆ ಬರ್ತಾಳೆ!"

ಗಾಳಿಯಣ್ಣ ಅವನ ಬಾಯನ್ನೇ ನೋಡಿದ. ಎಲ್ಲವೂ ಕೇಳಿಸಿತ್ತು. ಎದ್ದ. ಕಂಪ್ರೆಸರಿನ ಸ್ವಿಚ್ಚಿಗೆ ಬೆನ್ನು ಆನಿಸಿ, ಯಂತ್ರದ ಮೇಲೆಯೇ ಕೂತುಕೊಂಡ. "ಏನಂದ್ರಿ ಸಾರ್? ಈ ಸದ್ದಲ್ಲಿ ನನಗೆ ಕಿವಿ ಕೇಳಲ್ಲ" ಎಂದ. ಕಿವಿಯ ಮೇಲಿನ ಬೀಡಿ ನಡುಗುತ್ತಿತ್ತು.

ಆಗ ಸೂಪರ್‌ವೈಸರನ ಕಣ್ಣು ಹಗ್ಗದಮ್ಮನ ಕಾಲಿನ ಮೇಲೆ ಬಿತ್ತು. ಹೆಣೆದುಕೊಂಡ ತೊಡೆಗಳು. ಬಗ್ಗಿದ ಸೊಂಟ. ಹಣೆಯ ಬೆವರು. ಬೆಳಿಗ್ಗೆ ಅವಳು ಏನೋ ಕೇಳಿದ್ದು ಅವನಿಗೆ ನೆನಪಾಯಿತು. ದನಿ ಬದಲಾಯಿತು. ಬೆಣ್ಣೆ ಹಚ್ಚಿದ ದನಿ.

"ಅಯ್ಯೋ, ಆಗಿನಿಂದ ಹೀಗೇ ನಿಂತಿದ್ದೀಯಾ ತಾಯಿ? ವಯಸ್ಸಾದ ಹೆಂಗಸು, ಹೇಳಬಾರದಾ? ಹೋಗು, ಆ ಟೈಲ್ಸಿನದಕ್ಕೇ ಹೋಗು. ಆಫೀಸರ್‌ಗಳದ್ದು. ನಾನೇ ಬಾಗಿಲು ತೆಗೆಸ್ತೀನಿ. ಸೋಪಿದೆ, ಬಿಸಿನೀರಿದೆ. ಹಗ್ಗ ನಾನು ಹಿಡ್ಕೊಂಡಿರ್ತೀನಿ. ಕೀಲಿ ಇಲ್ಲಿಟ್ಟು ಹೋಗು."

ಗಾರ್ಡು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಬೆಳಿಗ್ಗೆ ಕಾಲಿನ ಮಾತಲ್ಲ ಎಂದವನೇ.

ಇಷ್ಟು ವರ್ಷ ಆ ಬಾಗಿಲ ಮುಂದೆ ನಿಂತು ಕೇಳಿದ್ದಳು. ಬಸುರಿ ಹೆಂಗಸರಿಗೆಂದು ಕೇಳಿದ್ದಳು. ತಿಂಗಳ ರಕ್ತ ಹರಿಯುತ್ತಿದ್ದಾಗ ಕೇಳಿದ್ದಳು. ಜ್ವರದಲ್ಲಿ ಕೇಳಿದ್ದಳು. ಇವತ್ತು ಬಾಗಿಲು ತೆರೆದಿತ್ತು, ಸೋಪು ಬಿಸಿನೀರಿನ ಸಮೇತ. ಅವಳಿಗೆ ಅಳು ಬಂತು. ಕಟ್ಟಡದವರೆಗೆ ನಾಲ್ಕು ಹೆಜ್ಜೆ ಓಡಿದರೆ ಸಾಕು ಎನ್ನುವಂತೆ ಮೈ ಎಳೆಯಿತು. ಹೊಟ್ಟೆಯೊಳಗೆ ಯಾರೋ ಕತ್ತಿ ತಿರುವುತ್ತಿದ್ದರು.

ಅವಳು ಹಗ್ಗ ಒಮ್ಮೆ ಎಳೆದಳು. ಹೇಗಿದ್ದೀಯೆ?

ಒಂದು ಎಳೆತ ಬಂತು. ಚೆನ್ನಾಗಿದ್ದೀನಿ.

ಕೆಳಗಿರುವವಳಿಗೆ ಏನೂ ಗೊತ್ತಿಲ್ಲ. ಹಸಿರು ಕತ್ತಲೆಯಲ್ಲಿ ಗಂಟು ಹಿಡಿದುಕೊಂಡು ಮೇಲೆ ನೋಡುತ್ತಿದ್ದಾಳೆ. ಮೇಲೆ ಅತ್ತೆ ಇದ್ದಾಳೆ ಎಂಬ ಧೈರ್ಯ.

"ನನಗೆ ಬೇಡ" ಎಂದಳು ಹಗ್ಗದಮ್ಮ. "ನಿಮ್ಮ ಪಾಯಿಖಾನೆ ನೀವೇ ಇಟ್ಕೊಳ್ಳಿ."

ಎಂದು, ಬಿಟ್ಟಳು.

ಬಿಡುವುದು ಸುಲಭವಾಗಿರಲಿಲ್ಲ. ಅಷ್ಟು ಹೊತ್ತು ಬಿಗಿ ಹಿಡಿದ ಮೈ, ಗಂಡಸರ ಮುಂದೆ, ಹಾಡುಹಗಲು. ಮೊದಲು ಬರಲಿಲ್ಲ. ಆಮೇಲೆ ಉರಿಯುತ್ತಾ ಬಂತು, ಹನಿ ಹನಿಯಾಗಿ, ಆಮೇಲೆ ಧಾರೆಯಾಗಿ. ತೊಡೆ ಸುಟ್ಟಿತು. ಸೀರೆ ಕಾಲಿಗೆ ಅಂಟಿತು. ಹಲಗೆಯ ಮೇಲೆ ಹರಿದು, ಹಗ್ಗದ ಸುರುಳಿಯನ್ನು ಸುತ್ತಿ, ಸಂದುಗಳಲ್ಲಿ ತೊಟ್ಟಿಕ್ಕಿತು. ಸದ್ದು ಎಲ್ಲರಿಗೂ ಕೇಳಿತು. ನಾತ ಎದ್ದಿತು. ಮಗ ಮುಖದ ಮೇಲೆ ಟವಲು ಎಳೆದುಕೊಳ್ಳುವುದು ಏಕೆಂದು ಅವಳಿಗೆ ಆಗ ತಿಳಿಯಿತು. ಅವಳಿಗೆ ಮುಖ ಮುಚ್ಚಿಕೊಳ್ಳಲು ಕೈ ಬಿಡುವಿರಲಿಲ್ಲ. ಎರಡೂ ಕೈ ಹಗ್ಗದ ಮೇಲೆ ಇದ್ದವು. ಕಣ್ಣು ಗುಳ್ಳೆಗಳ ಮೇಲಿತ್ತು. ಕಣ್ಣೀರು ಮೂಗಿನ ಅಂಚಿನಲ್ಲಿ ಇಳಿದು ಬಾಯಿಗೆ ಬರುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಗಾಳಿಯಣ್ಣ ತಲೆ ತಗ್ಗಿಸಿದ.

"ಥೂ!" ಎಂದ ಸೂಪರ್‌ವೈಸರ್. ಎರಡು ಹೆಜ್ಜೆ ಹಿಂದೆ ಹಾರಿದ. ಮೂಗಿಗೆ ಕರವಸ್ತ್ರ ಹಿಡಿದ. "ಪ್ರಾಣಿಗಳು! ಏಯ್ ಗಾರ್ಡ್, ಕಿತ್ಕೋ ಆ ಕೀಲಿ!"

ಗಾರ್ಡು ಮುಂದೆ ಬಂದ. ಹರಿದು ಬರುತ್ತಿದ್ದ ನೀರು ಅವನ ಬೂಟಿನ ತುದಿಗೆ ಬಂತು. ಅವನು ಕಾಲು ಎತ್ತಿಕೊಂಡ. ಅವಳ ಕೊರಳನ್ನು ನೋಡಿದ. ಕೀಲಿ ಬೆವರು ಮೆತ್ತಿದ ಎದೆಯ ಮೇಲೆ, ಸೆರಗಿನ ಒಳಗೆ. ಅವನ ಕೈ ಅರ್ಧಕ್ಕೆ ನಿಂತಿತು.

"ಹೇಗೆ ಮುಟ್ಟೋದು ಸಾರ್?"

"ಮುಟ್ಟಯ್ಯ! ಕೈ ತೊಳ್ಕೊಂಡ್ರೆ ಆಯ್ತು!"

"ನೀವೇ ತಗೊಳ್ಳಿ ಸಾರ್."

"ಬಾರಪ್ಪ" ಎಂದಳು ಹಗ್ಗದಮ್ಮ. ದನಿ ಒಡೆದಿತ್ತು, ಆದರೂ ಜೋರಾಗಿ ಬಂತು. "ಬಾ, ಮುಟ್ಟು. ಇಷ್ಟು ವರ್ಷ ನೀರಿನವರು ಅಂತ ದೂರ ಇಟ್ರಲ್ಲ. ನಮ್ಮ ಕಾಲು ನಿಮ್ಮ ಟೈಲ್ಸಿಗೆ ತಾಗಬಾರದು ಅಂದ್ರಲ್ಲ. ಈಗ ಒದ್ದೆಯಾಗಿದೆ ನೋಡು. ಬಾ, ನನ್ನ ಕತ್ತಿಗೆ ಕೈ ಹಾಕು. ಯಾರಿಗಿದೆ ಧೈರ್ಯ, ಬರಲಿ."

ಯಾರೂ ಬರಲಿಲ್ಲ. ಸೂಪರ್‌ವೈಸರ್ ಗಾರ್ಡನ್ನು ಬೈದ. ಗಾರ್ಡು ಗೊಣಗಿದ. ಇಬ್ಬರೂ ಅವಳ ಸುತ್ತ ಒಣಗಿದ ಜಾಗ ಹುಡುಕುತ್ತಾ ಬಳಸಿ ನಿಂತರು. ಫೋನು ಕಿರುಚಿತು. ಸೈರನ್ ಕೂಗುತ್ತಲೇ ಇತ್ತು. ಅವರ ಹೇಸಿಗೆ ಕಟ್ಟೆಯ ಮೇಲೆ ಬೇಲಿಯ ಹಾಗೆ ನಿಂತಿತ್ತು. ಇಷ್ಟು ದಿನ ಅವಳನ್ನು ಹೊರಗಿಟ್ಟ ಬೇಲಿ. ಇವತ್ತು ಒಳಗೆ ಅವಳಿದ್ದಳು, ಕೀಲಿ ಇತ್ತು, ನೀರಿನಲ್ಲಿ ಇನ್ನೊಂದು ಜೀವ ಇತ್ತು. ಗೆದ್ದೆ ಎಂದು ಅವಳಿಗೆ ಅನ್ನಿಸಲಿಲ್ಲ. ನೀರಿಗೆ ಬಿದ್ದು ಸಾಯಬೇಕು ಅನ್ನಿಸಿತು. ಆದರೆ ಹಗ್ಗ ಬಿಟ್ಟು ಸಾಯುವಂತಿರಲಿಲ್ಲ.

ಹೊತ್ತು ಹೋಯಿತು. ಬಿಸಿಲಿಗೆ ಸೀರೆಯ ಅಂಚು ಒಣಗುತ್ತಾ ಗಡುಸಾಯಿತು. ಕೊನೆಗೆ ಹಗ್ಗ ಮೂರು ಸಲ ಮಿಡುಕಿತು. ಬರ್ತಿದ್ದೀನಿ. ಹಗ್ಗದಮ್ಮ ಅವಸರ ಮಾಡಲಿಲ್ಲ. ಮೊಳ ಮೊಳವಾಗಿ ಒಳಗೆಳೆದುಕೊಂಡಳು. ಗುಳ್ಳೆಗಳ ನಡುವೆ ತಲೆ ಕಂಡಿತು. ಏಣಿಗೆ ಕೈ ಬಂತು. ಸೊಸೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಕಟ್ಟೆಯ ಮೇಲೆ ಕಾಲಿಟ್ಟು, ಮುಖವಾಡ ಕಿತ್ತು, ಉಸಿರು ಬಿಟ್ಟಳು.

"ಕಾಲು ಆಡಿಸು" ಎಂದಳು ಹಗ್ಗದಮ್ಮ.

ಸೊಸೆ ಆಡಿಸಿದಳು.

"ಬೆರಳು ಜುಮ್ ಅಂತಾವಾ? ಕಣ್ಣು ಮಂಜಾ?"

"ಇಲ್ಲ ಅತ್ತೆ. ಏನಾಯ್ತು? ಸೈರನ್ ಯಾಕೆ?" ಎನ್ನುತ್ತಾ ಅವಳು ಕೆಳಗೆ ನೋಡಿದಳು. ಹಲಗೆ ನೋಡಿದಳು. ಸೀರೆ ನೋಡಿದಳು. ಕರವಸ್ತ್ರದ ಹಿಂದಿನ ಮುಖ ನೋಡಿದಳು. ರಬ್ಬರ್ ಅಂಗಿಯಿಂದ ನೀರು ಸುರಿಯುತ್ತಿತ್ತು. ಅವಳು ಬಂದು ಅತ್ತೆಯ ಪಕ್ಕದಲ್ಲಿ, ಆ ಒದ್ದೆಯಲ್ಲಿಯೇ ನಿಂತಳು. ಅವಳ ಮೈಯ ನೀರು ಹರಿದು ಅದಕ್ಕೆ ಸೇರಿತು.

"ಕುಡೀರಿ ಅಂದೋಳು ನಾನೇ" ಎಂದಳು ಮೆಲ್ಲಗೆ.

"ಸುಮ್ನಿರು. ಕೂತ್ಕೋ. ಭಾರ ಎತ್ತಬೇಡ."

"ಕೂರೋದೇನು? ಕೀಲಿ!" ಎಂದ ಸೂಪರ್‌ವೈಸರ್.

ಹಗ್ಗದಮ್ಮ ಕೊರಳಿನಿಂದ ದಾರ ತೆಗೆದಳು. ಕೈ ಚಾಚಿದಳು. ಅವನು ಕೈ ಚಾಚಲಿಲ್ಲ. ಅವಳು ಒಂದು ಕ್ಷಣ ಕಾದಳು. ಆಮೇಲೆ ಬಗ್ಗಿ, ಒದ್ದೆ ಹಲಗೆಯ ಮೇಲೆ ಕೀಲಿ ಇಟ್ಟಳು. "ತಗೊಳ್ಳಿ."

ಅವನು ಗಾರ್ಡನ್ನು ನೋಡಿದ. ಗಾರ್ಡು ನೀರನ್ನು ನೋಡಿದ. ಫೋನು ಮತ್ತೆ ಬಡಿದುಕೊಂಡಿತು. "ಆ ಗುಡಿಸೋಳನ್ನ ಕರಿ!" ಎಂದು ಅವನು ಅರಚಿದ. "ನಾಳೆಯಿಂದ ಕೀಲಿ ನನ್ನ ರೂಮಿನಿಂದ ಆಚೆ ಬರಲ್ಲ. ಕಂಡವರ ಕತ್ತಿಗೆಲ್ಲ ಕಟ್ಟೋ ಆಟ ಮುಗೀತು. ಇಳಿಯೋಕೆ ಬೇರೆ ಜನ ಸಿಗ್ತಾರೆ, ಹಸಿದೋರು ಬೇಕಾದಷ್ಟಿದಾರೆ. ನೀವಿಬ್ರೂ ಆಚೆ ಹೋಗಿ."

ನಿಜ. ಬೇಕಾದಷ್ಟಿದ್ದಾರೆ. ಹಗ್ಗದಮ್ಮನಿಗೆ ಅವರ ಮನೆಗಳೂ ಗೊತ್ತಿದ್ದವು. ನಾಳೆ ಆ ಮನೆಗಳಲ್ಲೊಂದರ ಹೆಂಗಸು ಬಾಯಿ ಒಣಗಿಸಿಕೊಂಡು ಇಲ್ಲಿ ಬಂದು ನಿಲ್ಲುತ್ತಾಳೆ, ಕೊರಳಲ್ಲಿ ಏನೂ ಇರುವುದಿಲ್ಲ. ಮೇಲಿನ ರೂಮಿನಲ್ಲಿ ಯಾರ ಬೆರಳಿಗೆ ಯಾವಾಗ ತುರಿಕೆಯಾಗುತ್ತದೋ ಯಾರು ಬಲ್ಲರು. ಹಗ್ಗದಮ್ಮ ಸೊಸೆಯನ್ನು ಕೂರಿಸಿ, ತಾನೂ ಅವಳ ಪಕ್ಕದಲ್ಲಿ ಕೂತಳು.

"ಹೋಗಿ ಅಂದ್ನಲ್ಲ!"

"ಇವಳು ಸ್ವಲ್ಪ ಹೊತ್ತು ಕೂರಬೇಕು. ಕೂತು ಹೋಗ್ತೀವಿ" ಎಂದಳು. ಎದ್ದೇಳಲಿಲ್ಲ.

ಗುಡಿಸುವವಳು ಕಟ್ಟಡದ ಕಡೆಯಿಂದ ಬಕೆಟ್ಟು ಪೊರಕೆ ಹಿಡಿದು ಬಂದಳು. ತೆಳ್ಳಗಿನ, ನಡುವಯಸ್ಸಿನ ಹೆಂಗಸು. ಕಸದ ಗಾಡಿಯ ಹಿಂದೆ ಅದೇ ಸಣ್ಣ ಬಾಗಿಲಿಂದ ಬರುವವಳು. ಇವರೊಡನೆ ಎಂದೂ ಮಾತಾಡಿದವಳಲ್ಲ.

"ಆ ಕೀಲಿ ಎತ್ತಿ, ತೊಳೆದು ಕೊಡು. ಬೇಗ! ಪಂಪು ಶುರು ಮಾಡಬೇಕು. ಆಮೇಲೆ ಈ ಗಲೀಜು ತೊಳಿ" ಎಂದ ಸೂಪರ್‌ವೈಸರ್.

ಅವಳು ಬಕೆಟ್ಟು ಕೆಳಗಿಟ್ಟಳು. ಕೀಲಿ ನೋಡಿದಳು. ಬಗ್ಗಲಿಲ್ಲ. ಕಟ್ಟೆಯ ಅಂಚಿಗೆ ಹೋಗಿ, ಕಂಬಿ ಹಿಡಿದು, ನೀರಿನೊಳಕ್ಕೆ ಇಣುಕಿ ನೋಡಿದಳು. ಗುಳ್ಳೆಗಳಿರಲಿಲ್ಲ. ಅವಳಿಗೆ ನಂಬಿಕೆ ಬರಲಿಲ್ಲ. ತಿರುಗಿ, ಕೂತಿದ್ದ ಇಬ್ಬರನ್ನೂ ಕೇಳಿದಳು.

"ಒಳಗೆ ಇನ್ನೂ ಯಾರಾದ್ರೂ ಇದಾರಾ?"

"ಎತ್ತು ಅಂದ್ರೆ ಎತ್ತಬೇಕು!" ಎಂದ ಅವನು.

ಅವಳು ಅವನ ಕಡೆ ತಿರುಗಲೇ ಇಲ್ಲ. ಹಗ್ಗದಮ್ಮನ ಬಾಯಿಂದ ಉತ್ತರ ಬರುವವರೆಗೂ ಪೊರಕೆ ಹಿಡಿದು ಕಾದು ನಿಂತಳು.